ಕೇಳಿ ಬರೆಸಿದ ದಿಟ್ಟತನ

ಹೆಸರು ಮಾಡಿದ ಕಥೆಗಾರರನ್ನೆಲ್ಲ ಒಂದೆಡೆ ಸೇರಿಸಿ, ಯಾವ ಪತ್ರಿಕೆಯೂ ಅಚ್ಚು ಹಾಕಲು ಒಪ್ಪದ ಕಥೆ ನಿಮ್ಮಲ್ಲಿದ್ದರೆ ಕೊಡಿ, ಇಲ್ಲದಿದ್ದರೆ ಹೊಸದಾಗಿ ಬರೆದುಕೊಡಿ ಎಂದು ಕೇಳಿದರೆ ಏನು ಬಂದೀತು? ಒಳ್ಳೆಯ ಸಾಹಿತ್ಯ ಬಂದೀತೆ, ಅಥವಾ ಬರೀ ಗದ್ದಲವೇ? ಇದಕ್ಕೆ ಊಹೆಯ ಉತ್ತರ ಹುಡುಕಬೇಕಾಗಿಲ್ಲ. ಅಮೆರಿಕದಲ್ಲಿ ಹಾರ್ಲನ್ ಎಲಿಸನ್ ಇದನ್ನು ಮಾಡಿಯೇ ನೋಡಿದರು. ಅವರು ಸಂಪಾದಿಸಿದ 'ಡೇಂಜರಸ್ ವಿಷನ್ಸ್' ಎಂಬ ವೈಜ್ಞಾನಿಕ ಕಥೆಗಳ ಸಂಕಲನವನ್ನು ಡಬಲ್‌ಡೇ ಪ್ರಕಾಶನ 1967ರಲ್ಲಿ ಹೊರತಂದಿತು. 32 ಲೇಖಕರು, 33 ಕಥೆಗಳು. ಒಂದೂ ಹಳೆಯದಲ್ಲ, ಎಲ್ಲವೂ ಈ ಪುಸ್ತಕದಲ್ಲೇ ಮೊದಲು ಅಚ್ಚಾದವು. ಆ ಪ್ರಯೋಗಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಗೆದ್ದದ್ದೇನು, ಸೋತದ್ದೇನು ಎಂದು ತೂಗಿ ನೋಡಲು ಇಷ್ಟು ದೂರ ಸಾಕು.

ಈ ತೂಗಾಟ ಆ ಒಂದು ಪುಸ್ತಕಕ್ಕಷ್ಟೇ ಸಂಬಂಧಿಸಿದ್ದಲ್ಲ. ಪ್ರಸಿದ್ಧರಿಂದ ದಿಟ್ಟ ಕಥೆಗಳನ್ನು ಕೇಳಿ ಬರೆಸುವ ಆಸೆ ಎಲ್ಲ ಭಾಷೆಯ ಸಂಪಾದಕರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆ ಆಸೆಯ ಪರವಾಗಿ ಹೇಳಬೇಕಾದದ್ದು ಬಹಳವಿದೆ. ವಿರುದ್ಧವಾಗಿ ಹೇಳಬೇಕಾದದ್ದೂ ಅದಕ್ಕೆ ಕಡಿಮೆಯೇನಲ್ಲ.

ಮೊದಲು ಪರವಾದ ವಾದ. ಅದನ್ನು ಅರಿಯಲು ಆ ಕಾಲದ ಬೇಲಿಗಳು ಎಷ್ಟು ಗಟ್ಟಿಯಾಗಿದ್ದವು ಎಂದು ತಿಳಿಯಬೇಕು. ಅಮೆರಿಕದ ವೈಜ್ಞಾನಿಕ ಕಥೆ ಬೆಳೆದದ್ದು ಮಾಸಪತ್ರಿಕೆಗಳಲ್ಲಿ. ಒಬ್ಬ ಸಂಪಾದಕನ ರುಚಿಯೇ ಅಲ್ಲಿ ಇಡೀ ಕ್ಷೇತ್ರದ ಎಲ್ಲೆಯಾಗಿಬಿಡುತ್ತಿತ್ತು. 'ಅನಲಾಗ್' ಪತ್ರಿಕೆಯ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಮೂರು ದಶಕ ಮೀರಿ ಆ ಕುರ್ಚಿಯಲ್ಲಿದ್ದವರು. ಅವರು ಬೆಳೆಸಿದ ಲೇಖಕರ ಪಟ್ಟಿ ದೊಡ್ಡದು. ಅವರು ಬಾಗಿಲು ಮುಚ್ಚಿದ ವಿಷಯಗಳ ಪಟ್ಟಿಯೂ ದೊಡ್ಡದೇ. ಫಿಲಿಪ್ ಹೋಸೆ ಫಾರ್ಮರ್ ಮನುಷ್ಯ ಮತ್ತು ಅನ್ಯಗ್ರಹದ ಜೀವಿಯ ಪ್ರಣಯದ ಕಥೆ ಬರೆದಾಗ ಕ್ಯಾಂಪ್‌ಬೆಲ್ ತಿರಸ್ಕರಿಸಿದರು, 'ಗ್ಯಾಲಕ್ಸಿ'ಯ ಹೊರೇಸ್ ಗೋಲ್ಡ್ ಕೂಡ ತಿರಸ್ಕರಿಸಿದರು. ಸ್ಯಾಮ್ಯುಯೆಲ್ ಡಿಲೇನಿ ಅವರ 'ನೋವಾ' ಕಾದಂಬರಿಯನ್ನು ಕ್ಯಾಂಪ್‌ಬೆಲ್ ಧಾರಾವಾಹಿಯಾಗಿ ತೆಗೆದುಕೊಳ್ಳದೆ ಹೋದದ್ದಕ್ಕೆ ಕಾರಣ ಅದರ ನಾಯಕ ಕಪ್ಪು ಜನಾಂಗದವನಾಗಿದ್ದದ್ದು. ಅಂಥ ನಾಯಕನನ್ನು ಓದುಗರು ಒಪ್ಪುವುದಿಲ್ಲ ಎಂಬ ಮಾತು ತಮಗೆ ತಲುಪಿತೆಂದು ಡಿಲೇನಿ ಮುಂದೆ ಬರೆದರು. ಅದು ನಡೆದದ್ದೂ 1967ರಲ್ಲೇ. ದೂರದ ನಕ್ಷತ್ರಗಳಿಗೆ ಹಾರಲು ಹಿಂದೆಮುಂದೆ ನೋಡದ ಸಾಹಿತ್ಯವೊಂದು ಪಕ್ಕದ ಬೀದಿಯ ಮನುಷ್ಯನನ್ನು ನಾಯಕನಾಗಿ ಒಪ್ಪಿಕೊಳ್ಳಲು ಹೆದರುತ್ತಿತ್ತು.

ಬೇಲಿ ಅಷ್ಟು ಗಟ್ಟಿಯಿದ್ದಲ್ಲಿ ಬರೆಯುವವನ ಕೈಯೂ ಕ್ರಮೇಣ ಬೇಲಿಯ ಒಳಗೇ ಆಡಲು ಕಲಿಯುತ್ತದೆ. ಇಂಥದ್ದು ಹೋಗುವುದಿಲ್ಲ ಎಂದು ಅನುಭವದಿಂದ ಗೊತ್ತಾದ ಮೇಲೆ ಅಂಥದ್ದನ್ನು ಬರೆಯಲು ಕೂರುವವರು ವಿರಳ. ಬರವಣಿಗೆಯಿಂದಲೇ ಹೊಟ್ಟೆ ಹೊರೆಯುವವರಂತೂ ಕೂರುವುದೇ ಇಲ್ಲ. ಎಲಿಸನ್ ಮಾಡಿದ ಮೊದಲ ಉಪಕಾರ ಇಲ್ಲಿದೆ. ಬರೆಯಿರಿ, ಅಚ್ಚು ಹಾಕುವ ಹೊಣೆ ನನ್ನದು ಎಂದು ಅವರು ಮೊದಲೇ ಮಾತು ಕೊಟ್ಟರು. ಪ್ರಕಾಶಕರು ಕೊಟ್ಟ ಹಣ ಸಾಲದಾದಾಗ ಕೈಯಿಂದ ಹಾಕಿದರು. ಸಂಕಲನದ ಕಥೆಗಾರರಲ್ಲೊಬ್ಬರಾದ ಲ್ಯಾರಿ ನೀವನ್ ಕೂಡ ಹಣ ನೀಡಿ ನೆರವಾದರು. ಇಂಥ ಭರವಸೆಯೊಂದು ಇಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎನ್ನಬಹುದಾದ ಕಥೆಗಳು ಆ ಪುಸ್ತಕದಲ್ಲಿವೆ.

ಡಿಲೇನಿ ಅವರ 'ಐ, ಆ್ಯಂಡ್ ಗೊಮೋರಾ' ಅವುಗಳಲ್ಲಿ ಒಂದು. ಅಂತರಿಕ್ಷದಲ್ಲಿ ದುಡಿಯುವವರನ್ನು ಅಲ್ಲಿನ ವಿಕಿರಣದ ಕಾರಣಕ್ಕೆ ಹರೆಯಕ್ಕೆ ಬರುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ಕಾಮವಿಲ್ಲದವರನ್ನಾಗಿ ಮಾಡಲಾಗಿದೆ. ಅವರು ಗಂಡಾಗಿ ಹುಟ್ಟಿದ್ದರೋ ಹೆಣ್ಣಾಗಿಯೋ ನೋಡಿದವರಿಗೆ ತಿಳಿಯದು. ಭೂಮಿಯಲ್ಲಿ ಒಂದು ಬಗೆಯ ಜನರಿದ್ದಾರೆ. ತಮ್ಮನ್ನು ಮರಳಿ ಬಯಸಲಾರರು ಎಂಬ ಕಾರಣಕ್ಕೇ ಅವರು ಈ ಅಂತರಿಕ್ಷ ಯಾನಿಗಳನ್ನು ಬಯಸುತ್ತಾರೆ, ಹಣ ಕೊಟ್ಟು ಅವರ ಸಂಗ ಕೊಳ್ಳುತ್ತಾರೆ. ಇಸ್ತಾಂಬುಲ್‌ನಲ್ಲಿ ಯಾನಿಯೊಬ್ಬನನ್ನು ಒಬ್ಬ ತರುಣಿ ತನ್ನ ಕೋಣೆಗೆ ಕರೆದೊಯ್ಯುತ್ತಾಳೆ. ಇಬ್ಬರೂ ಮಾತಾಡುತ್ತಾರೆ. ತನ್ನ ಬಯಕೆ ವಿಕಾರವೆಂದು ಜನ ಕರೆಯುವುದು ಅವಳಿಗೆ ಗೊತ್ತು. ತನ್ನ ದೇಹವನ್ನು ಯಾರೋ ತನ್ನನ್ನು ಕೇಳದೆ ತೀರ್ಮಾನಿಸಿದರೆಂಬುದು ಅವನಿಗೆ ಗೊತ್ತು. ಅವಳು ಕೊಡಲಾರದ್ದನ್ನು ಅವನು ಕೇಳುತ್ತಾನೆ, ಅವನು ಕೊಡಲಾರದ್ದನ್ನು ಅವಳು ಕೇಳುತ್ತಾಳೆ. ಅಷ್ಟೇ ಕಥೆ. ಮೈಗೆ ಮೈ ತಾಗುವ ಒಂದು ವರ್ಣನೆಯೂ ಇಲ್ಲದೆ ಕಾಮ, ಒಂಟಿತನ, ದೇಹದ ಮೇಲೆ ಆಡಳಿತ ನಡೆಸುವ ಹಕ್ಕು ಮೂರನ್ನೂ ಅದು ಮುಟ್ಟುತ್ತದೆ. ಬರೆದಾಗ ಡಿಲೇನಿಗೆ ಇಪ್ಪತ್ತೈದರ ಆಸುಪಾಸು. ಆ ವರ್ಷದ ಸಣ್ಣಕಥೆಯ ನೆಬ್ಯುಲಾ ಪ್ರಶಸ್ತಿ ಇದಕ್ಕೇ ಬಂತು.

ಇನ್ನೊಂದು, ನೀವನ್ ಬರೆದ 'ದಿ ಜಿಗ್ಸಾ ಮ್ಯಾನ್'. ಅಂಗಾಂಗ ಕಸಿ ಸುಲಭವಾಗಿಬಿಟ್ಟ ಕಾಲ. ಮರಣದಂಡನೆಗೆ ಗುರಿಯಾದವರ ಅಂಗಗಳು ಆಸ್ಪತ್ರೆಯ ದಾಸ್ತಾನು ಸೇರುತ್ತವೆ. ಎಲ್ಲರಿಗೂ ದೀರ್ಘಾಯುಷ್ಯ ಬೇಕು, ದಾಸ್ತಾನು ಸಾಲದು. ಹಾಗಾಗಿ ಮತದಾರರು ಒಂದೊಂದೇ ಅಪರಾಧವನ್ನು ಮರಣದಂಡನೆಯ ಪಟ್ಟಿಗೆ ಸೇರಿಸುತ್ತ ಹೋಗುತ್ತಾರೆ. ಸೆರೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಹೇಗೂ ಸಾಯುವುದು ಖಚಿತವೆಂದು ತಿಳಿದು, ಸಾವಿಗೆ ತಕ್ಕ ಅಪರಾಧವನ್ನಾದರೂ ಮಾಡೋಣವೆಂದು ಅಂಗಾಂಗದ ತೊಟ್ಟಿಗಳನ್ನು ಒಡೆದುಹಾಕುತ್ತಾನೆ. ಅವನ ಮೂಲ ಅಪರಾಧವೇನೆಂದು ಕೊನೆಯಲ್ಲಿ ತಿಳಿಯುತ್ತದೆ: ಕೆಂಪು ದೀಪ ದಾಟಿದ್ದು, ವೇಗದ ಮಿತಿ ಮೀರಿದ್ದು. ಪುಸ್ತಕ ಹೊರಬಂದ ವರ್ಷದ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಗೆ ಮನುಷ್ಯನ ಹೃದಯವನ್ನು ಮೊದಲ ಬಾರಿ ಕಸಿ ಮಾಡಿದರು. ಒಬ್ಬರ ಆಯುಷ್ಯದ ಆಸೆ ಇನ್ನೊಬ್ಬರ ದೇಹವನ್ನು ಸರಕಾಗಿಸುತ್ತದೆ ಎಂಬುದು ಮುಂದೆ ಎಲ್ಲ ದೇಶಗಳೂ ಎದುರಿಸಿದ ಪ್ರಶ್ನೆ. ಮೂತ್ರಪಿಂಡಗಳ ಮಾರಾಟ ತಡೆಯಲು ಭಾರತ 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ನೀವನ್ ಕಥೆಯಲ್ಲಿ ಅಶ್ಲೀಲವೆನ್ನುವಂಥದ್ದು ಏನೂ ಇಲ್ಲ, ದೈವನಿಂದೆಯೂ ಇಲ್ಲ. ಒಳ್ಳೆಯ ಜನರೇ ಬಹುಮತದಿಂದ ಕೊಲೆಗಾರರಾಗಬಲ್ಲರು ಎಂದು ಹೇಳುವುದೇ ಅದರ ದಿಟ್ಟತನ.

ಪರವಾದ ವಾದಕ್ಕೆ ಇನ್ನೊಂದು ಬಲವಿದೆ; ಅದು ಹೆಸರುಗಳ ಬಲ. ಅನಾಮಿಕ ತರುಣ ಇಂಥ ಕಥೆ ಬರೆದರೆ ಅದು ಹುಡುಗಾಟಿಕೆ ಎನಿಸಿಕೊಳ್ಳುತ್ತದೆ. ಫ್ರಿಟ್ಸ್ ಲೈಬರ್, ಥಿಯೋಡೋರ್ ಸ್ಟರ್ಜನ್, ಪೋಲ್ ಆಂಡರ್ಸನ್, ಲೆಸ್ಟರ್ ಡೆಲ್ ರೇ ಅಂಥವರು ಬರೆದರೆ ಪ್ರಕಾಶಕ ಒಮ್ಮೆ ನಿಂತು ಓದುತ್ತಾನೆ, ಗ್ರಂಥಾಲಯ ಕೊಳ್ಳುತ್ತದೆ, ವಿಮರ್ಶಕ ಬಾಯಿಗೆ ಬಂದಂತೆ ತಳ್ಳಿಹಾಕಲಾರ. ಸಂಕಲನದ ಹಿರಿಯರಲ್ಲೊಬ್ಬರಾದ ಮಿರಿಯಮ್ ಆ್ಯಲನ್ ಡಿಫೋರ್ಡ್ 1888ರಲ್ಲಿ ಹುಟ್ಟಿದವರು. ಎಂಬತ್ತರ ಹೊಸ್ತಿಲಲ್ಲಿದ್ದ ಅವರು ಶಿಕ್ಷೆಯ ಕ್ರೌರ್ಯದ ಬಗ್ಗೆ ಬರೆದರು. ದಿಟ್ಟತನಕ್ಕೆ ವಯಸ್ಸಿನ ಹಂಗಿಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಅದೂ ಅಲ್ಲದೆ, ಕಸುಬು ಕೈವಶವಾದವರಿಗೆ ನಿಷಿದ್ಧ ವಿಷಯವನ್ನು ಸಹ ಹದದಲ್ಲಿ ಹಿಡಿಯಲು ಬರುತ್ತದೆ. ಹೇಳಬೇಕಾದದ್ದನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತು.

ಇನ್ನು ವಿರುದ್ಧದ ವಾದ. ಅದರ ಮೊದಲ ಮಾತೇ ಚುಚ್ಚುವಂಥದ್ದು: ಈ ಸಂಕಲನದಲ್ಲಿ ಓದುಗರೂ ಲೇಖಕರೂ ಒಟ್ಟಾಗಿ ಮೆಚ್ಚಿದ ಕಥೆ ಅಷ್ಟೇನೂ ಅಪಾಯಕಾರಿಯಲ್ಲ. ಓದುಗರು ಆರಿಸುವ ಹ್ಯೂಗೊ, ಲೇಖಕರು ಆರಿಸುವ ನೆಬ್ಯುಲಾ ಎರಡನ್ನೂ ಗೆದ್ದದ್ದು ಲೈಬರ್ ಅವರ 'ಗಾನ ರೋಲ್ ದಿ ಬೋನ್ಸ್'. ಮನೆಯಲ್ಲಿ ಜಗಳವಾಡಿ ಜೂಜುಕಟ್ಟೆಗೆ ಹೋದ ಗಣಿ ಕೆಲಸಗಾರನೊಬ್ಬ ಸಾವಿನೊಂದಿಗೇ ದಾಳ ಎಸೆಯುವ ಕಥೆ ಅದು. ಅಮೆರಿಕದ ಜನಪದದ ಲಯದಲ್ಲಿ ಹೇಳಿದ ಸೊಗಸಾದ ಕಥೆ. ಆದರೆ ಇದನ್ನು ಯಾವ ಪತ್ರಿಕೆಯೂ ಹೆದರಿ ಹಿಂದಿರುಗಿಸುತ್ತಿತ್ತು ಎನ್ನಲಾಗದು. ಹಾಗಿದ್ದರೆ ದಿಟ್ಟತನವೆಂಬ ಹಣೆಪಟ್ಟಿಗೂ ಕಥೆಯ ಗುಣಕ್ಕೂ ಏನು ಸಂಬಂಧ?

ಎರಡನೆಯ ಮಾತು, ಬೇಲಿಗಳ ಬಗೆಗಿನದು. ಎಲಿಸನ್ ತಮ್ಮ ದೀರ್ಘ ಮುನ್ನುಡಿಯಲ್ಲಿ ಇದೊಂದು ಕ್ರಾಂತಿ ಎಂದು ಸಾರಿದರು. ಆದರೆ ಕ್ಯಾಂಪ್‌ಬೆಲ್ ತಿರಸ್ಕರಿಸಿದ ಫಾರ್ಮರ್ ಕಥೆ 1952ರಲ್ಲೇ ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸಲಿಂಗ ಪ್ರೇಮವನ್ನು ಸಹಾನುಭೂತಿಯಿಂದ ಕಂಡ ಸ್ಟರ್ಜನ್ ಅವರ ಕಥೆ 1953ರಲ್ಲೇ ಬಂದಿತ್ತು. ಇಂಗ್ಲೆಂಡಿನಲ್ಲಿ ಮೈಕಲ್ ಮೂರ್ಕಾಕ್ 1964ರಿಂದ 'ನ್ಯೂ ವರ್ಲ್ಡ್ಸ್' ಪತ್ರಿಕೆಯನ್ನು ಪ್ರಯೋಗಗಳಿಗೆ ಬಿಟ್ಟುಕೊಟ್ಟಿದ್ದರು. ಡೇಮನ್ ನೈಟ್ 1966ರಲ್ಲಿ ಹೊಸ ಕಥೆಗಳ 'ಆರ್ಬಿಟ್' ಮಾಲೆ ಆರಂಭಿಸಿದ್ದರು. ಬೇಲಿ ಅದಾಗಲೇ ಅಲ್ಲಲ್ಲಿ ಸಡಿಲವಾಗಿತ್ತು. ಎಲಿಸನ್ ಸಡಿಲವಾದ ಕಡೆಯೇ ಕೈಹಾಕಿ ಎಲ್ಲ ಶ್ರೇಯಸ್ಸನ್ನೂ ತೆಗೆದುಕೊಂಡರು ಎಂದು ವಾದಿಸಿದರೆ ಪೂರ್ತಿ ಅನ್ಯಾಯವಾಗದು.

ಮೂರನೆಯದು, ದಿಟ್ಟತನ ಬೇಕೆಂದು ಕೇಳಿದಾಗ ಕಥೆ ವಾದವಾಗಿಬಿಡುವ ಅಪಾಯ. ಸ್ಟರ್ಜನ್ ಈ ಸಂಕಲನಕ್ಕೆ ಕೊಟ್ಟ ಕಥೆ ರಕ್ತಸಂಬಂಧಿಗಳ ಕೂಟವನ್ನು ನಿಷೇಧಿಸದ ಗ್ರಹವೊಂದರದು. ಪ್ರಶ್ನಿಸಲಾಗದ ನಿಷೇಧ ಯಾವುದೂ ಇಲ್ಲ ಎಂಬುದು ಅದರ ನಿಲುವು. ಆದರೆ ಕಥೆಯ ಹೃದಯಭಾಗದಲ್ಲಿ ಒಬ್ಬ ವಾದ ಮಂಡಿಸುತ್ತಾನೆ, ಇನ್ನೊಬ್ಬ ಕೇಳಿಸಿಕೊಳ್ಳುತ್ತಾನೆ. ಮನುಷ್ಯರ ಪ್ರೀತಿಯನ್ನು ಅಷ್ಟು ಆರ್ದ್ರವಾಗಿ ಬರೆದ ಲೇಖಕನಿಂದ ಇಷ್ಟು ಒಣಗಿದ ಪುಟಗಳು ಬಂದದ್ದಕ್ಕೆ ವಿಷಯವನ್ನು ಹೊರಗಿನಿಂದ ಹೊರಿಸಿಕೊಂಡದ್ದೇ ಕಾರಣವಿರಬೇಕು. ದೇವರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಕಥೆಗಳೂ ಇಲ್ಲಿವೆ. ನೈಟ್ ಬರೆದದ್ದರಲ್ಲಿ ದೇವರು ಅಂತಿಮ ತೀರ್ಪಿಗೆ ಇಳಿದು ಬರುವಷ್ಟರಲ್ಲಿ ಮನುಷ್ಯರೆಲ್ಲ ಯುದ್ಧದಲ್ಲಿ ಸತ್ತುಹೋಗಿದ್ದಾರೆ. ಉಳಿದಿರುವುದು ಅವನಿಗಾಗಿ ಕೆತ್ತಿಟ್ಟ ಒಂದು ಪ್ರಶ್ನೆ ಮಾತ್ರ. ಮೊದಲ ಓದಿಗೆ ಅದು ಬೆಚ್ಚಿಬೀಳಿಸುತ್ತದೆ. ಎರಡನೆಯ ಓದಿಗೆ ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ಆಘಾತವನ್ನೇ ನಂಬಿದ ಕಥೆ ಆಘಾತ ತೀರಿದ ಕೂಡಲೇ ತೀರಿಹೋಗುತ್ತದೆ.

ನಾಲ್ಕನೆಯದು ಪ್ರಚಾರದ ಭಾರ. ಪ್ರತಿ ಕಥೆಯ ಮುಂದೆ ಸಂಪಾದಕರ ಪರಿಚಯ, ಹಿಂದೆ ಲೇಖಕರ ಹಿನ್ನುಡಿ. ಎಲ್ಲಕ್ಕೂ ಮೊದಲು ಐಸಾಕ್ ಅಸಿಮೋವ್ ಅವರ ಎರಡು ಮುನ್ನುಡಿ. ಇಷ್ಟೆಲ್ಲ ಮಾತಿನ ನಡುವೆ ಕಥೆಗೆ ತಾನಾಗಿ ನಿಲ್ಲಲು ಜಾಗ ಕಡಿಮೆ. ಫಿಲಿಪ್ ಕೆ. ಡಿಕ್ ಅವರ ಕಥೆಯನ್ನು ಮಾದಕದ್ರವ್ಯದ ಪ್ರಭಾವದಲ್ಲಿ ಬರೆದದ್ದೆಂಬಂತೆ ಎಲಿಸನ್ ಪರಿಚಯಿಸಿದರು. ಡಿಕ್ ಮುಂದೆ ಅದನ್ನು ಅಲ್ಲಗಳೆದರು. ಕುಡಿಯುವ ನೀರಿಗೇ ಭ್ರಮೆಯ ಮದ್ದು ಬೆರೆಸಿದ ಆಡಳಿತ, ಮದ್ದಿಗೆ ಪ್ರತಿಮದ್ದು ಸೇವಿಸಿದವನಿಗೆ ಮಹಾನಾಯಕನ ನಿಜರೂಪ ಕಾಣಿಸುವ ಭಯಾನಕ ಗಳಿಗೆ. ಇಂಥ ಕಥೆಗೆ ಲೇಖಕನ ಖಾಸಗಿ ಬದುಕಿನ ಮಸಾಲೆ ಬೇಕಿರಲಿಲ್ಲ. ದಿಟ್ಟತನವನ್ನು ಮಾರಬೇಕಾದ ಸಂಕಲನಕ್ಕೆ ಅದು ಬೇಕಾಯಿತು.

ಐದನೆಯದು ಎಲ್ಲಕ್ಕಿಂತ ಗಂಭೀರ. ಎಲ್ಲ ಬೇಲಿಗಳನ್ನೂ ಮುರಿಯುತ್ತೇವೆಂದು ಹೊರಟ ಪುಸ್ತಕದ 32 ಲೇಖಕರಲ್ಲಿ ಹೆಂಗಸರು ಮೂವರೇ: ಡಿಫೋರ್ಡ್, ಕ್ಯಾರಲ್ ಎಮ್ಶ್‌ವಿಲರ್, ಸೋನ್ಯಾ ಡಾರ್ಮನ್. ಅದೇ ವೇಳೆ ಹೆಂಗಸರನ್ನು ಕತ್ತರಿಸಿ ಕೊಲ್ಲುವ ಜ್ಯಾಕ್ ದಿ ರಿಪ್ಪರ್ ಬಗ್ಗೆ ಒಂದರ ಬೆನ್ನಿಗೆ ಒಂದರಂತೆ ಎರಡು ಕಥೆಗಳಿವೆ. ಒಂದು ರಾಬರ್ಟ್ ಬ್ಲಾಕ್ ಬರೆದದ್ದು, ಮುಂದುವರಿಕೆ ಎಲಿಸನ್ ಅವರದ್ದೇ. ಕ್ರೌರ್ಯವನ್ನು ನೋಡಿ ಸುಖಿಸುವ ಸಮಾಜವನ್ನು ಬಯಲಿಗೆಳೆಯುವುದು ಎಲಿಸನ್ ಅವರ ಉದ್ದೇಶ ಎನ್ನುವುದು ನಿಜ. ಆದರೂ ಗಾಯವನ್ನು ಯಾರು ಬರೆಯುತ್ತಿದ್ದಾರೆ, ಗಾಯ ಯಾರ ಮೈಮೇಲಿದೆ ಎಂಬ ಲೆಕ್ಕ ಹಾಕಿದಾಗ ಈ ದಿಟ್ಟತನದ ಒಂದು ಕಣ್ಣು ಮುಚ್ಚಿರುವುದು ಕಾಣುತ್ತದೆ. ಮುಚ್ಚಿದ ಆ ಕಣ್ಣನ್ನು ತೆರೆದವರು ಎಮ್ಶ್‌ವಿಲರ್. ಅವರ ಕಥೆಯಲ್ಲಿ ಪುಟ್ಟ ಗಾತ್ರದ ಹೆಂಗಸೊಬ್ಬಳು ಅದೇ ಮನೆಯಲ್ಲಿರುವ ಭಾರೀ ಮೈಯ ಗಂಡಸಿನ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಅವನು ನಿಜಕ್ಕೂ ಮನುಷ್ಯನೇ ಅಥವಾ ಬೇರೆ ಯಾವುದೋ ಕುಲದವನೇ ಎಂದು ತಿಳಿಯಬೇಕು ಅವಳಿಗೆ. ಗಂಡಿನ ದೇಹವನ್ನು ಹೆಣ್ಣು ಕುತೂಹಲದಿಂದ, ಮಮತೆಯಿಂದ, ಅನುಮಾನದಿಂದ ನೋಡುವ ಆ ಕೆಲವೇ ಪುಟಗಳ ಮುಂದೆ ಸಂಕಲನದ ಎಷ್ಟೋ ಉಗ್ರ ಕಥೆಗಳು ಹಳಸಿದಂತೆ ಕಾಣುತ್ತವೆ.

ಪ್ರಸಿದ್ಧರ ದಿಟ್ಟತನಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನೂ ಇಲ್ಲಿ ಕೇಳಬೇಕು. ಹೆಸರು, ಪ್ರಕಾಶಕ, ಓದುಗ ಮೂರೂ ಇದ್ದವನು ನಿಷೇಧ ಮುರಿದರೆ ಕಳೆದುಕೊಳ್ಳುವುದು ಕಡಿಮೆ. 'ಡೇಂಜರಸ್ ವಿಷನ್ಸ್' ನಿಷೇಧಕ್ಕೊಳಗಾಗಲಿಲ್ಲ. ಪ್ರಶಸ್ತಿ ಗಳಿಸಿತು, ಮರುಮುದ್ರಣಗೊಂಡಿತು, ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದಲ್ಲಿ ವಿಶೇಷ ಮನ್ನಣೆ ಪಡೆಯಿತು. ನಮ್ಮ ದೇಶದ ಇನ್ನೊಂದು ಸಂಕಲನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲಖನೌದಲ್ಲಿ 1932ರ ಕೊನೆಗೆ 'ಅಂಗಾರೆ' ಎಂಬ ಉರ್ದು ಸಂಕಲನ ಹೊರಬಂತು. ಸಜ್ಜಾದ್ ಜಹೀರ್, ಅಹ್ಮದ್ ಅಲಿ, ರಶೀದ್ ಜಹಾನ್, ಮಹಮೂದುಜ್ಜಫರ್ ನಾಲ್ವರೂ ಆಗ ಹೆಚ್ಚಿನ ಹೆಸರಿಲ್ಲದ ತರುಣರು. ಧಾರ್ಮಿಕ ಭಾವನೆ ಕೆರಳಿಸುವುದನ್ನು ಶಿಕ್ಷಿಸುವ ದಂಡಸಂಹಿತೆಯ 295ಎ ಕಲಮಿನಡಿ ಸಂಯುಕ್ತ ಪ್ರಾಂತ್ಯದ ಸರ್ಕಾರ 1933ರ ಮಾರ್ಚ್‌ನಲ್ಲಿ ಅದನ್ನು ನಿಷೇಧಿಸಿ, ಪ್ರತಿಗಳನ್ನು ನಾಶ ಮಾಡಿಸಿತು. ರಶೀದ್ ಜಹಾನ್ ವೈದ್ಯೆ. ಹೆಣ್ಣಾದ್ದರಿಂದ ಬೆದರಿಕೆಗಳೆಲ್ಲ ಅವರ ಮೇಲೇ ಹೆಚ್ಚು ತಿರುಗಿದವು. ಆದರೂ ಅವರು ಕ್ಷಮೆ ಕೇಳಲಿಲ್ಲ. ಪ್ರಗತಿಶೀಲ ಲೇಖಕರ ಸಂಘಟನೆಗೆ ಬೀಜ ಬಿದ್ದದ್ದು ಆ ಗಲಭೆಯ ನಡುವೆ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಅದರ ಮೊದಲ ಅಖಿಲ ಭಾರತ ಸಮ್ಮೇಳನ ನಡೆಯಿತು.

'ಅಂಗಾರೆ'ಯಲ್ಲಿ ರಶೀದ್ ಜಹಾನ್ ಬರೆದ ಕಥೆ ಕೆಲವೇ ಪುಟಗಳದ್ದು. ಗಂಡನ ಜೊತೆ ರೈಲಿನಲ್ಲಿ ದೆಹಲಿ ನೋಡಲು ಬಂದ ಹೆಂಗಸು ಬುರ್ಖಾದಲ್ಲಿ ನಿಲ್ದಾಣದ ಗಂಟುಮೂಟೆಗಳ ಮೇಲೆ ಕೂತಿದ್ದಾಳೆ. ಗಂಡ ಸ್ನೇಹಿತ ಸಿಕ್ಕನೆಂದು ಅವನ ಜೊತೆ ಹೊರಟುಹೋದ. ಓಡಾಡುವ ಗಂಡಸರ ನೋಟಗಳ ನಡುವೆ ಅವಳು ಕಾಯುತ್ತಾಳೆ; ದೆಹಲಿ ನೋಡದೆಯೇ ಮರಳುತ್ತಾಳೆ. ದೇವರ ಮೇಲೆ ದಾಳಿಯಿಲ್ಲ, ಕಾಮದ ವರ್ಣನೆಯಿಲ್ಲ. ಸಾಮಾನುಗಳ ನಡುವೆ ಇನ್ನೊಂದು ಸಾಮಾನಾಗಿ ಕೂರಿಸಲ್ಪಟ್ಟವಳ ಬಾಯಿಂದಲೇ ಕಥೆ ಹೊರಡುತ್ತದೆ. ಆ ಕಥೆಯ ಬೆಂಕಿ ಇರುವುದು ಅಲ್ಲಿ. ಇದಕ್ಕೆ ಹೋಲಿಸಿದರೆ, ಮುರಿಯಲೆಂದೇ ಒಂದು ನಿಷೇಧವನ್ನು ಆರಿಸಿಕೊಂಡು ಬರೆದ ಕಥೆಗಳ ಬೆಂಕಿ ಬಣ್ಣದ್ದು ಮಾತ್ರ ಎನಿಸದಿರದು.

ಆದರೆ ಕಳೆದುಕೊಂಡದ್ದೆಷ್ಟು ಎಂಬ ಒಂದೇ ಅಳತೆಗೋಲಿನಿಂದ ಕಥೆಯನ್ನು ಅಳೆಯುವುದೂ ತಪ್ಪು. ಜೈಲಿಗೆ ಹೋದವರೆಲ್ಲ ಒಳ್ಳೆಯ ಕಥೆಗಾರರಲ್ಲ, ಪ್ರಶಸ್ತಿ ಪಡೆದವರೆಲ್ಲ ಅಂಜುಬುರುಕರಲ್ಲ. 'ಅಂಗಾರೆ'ಯ ಎಲ್ಲ ಕಥೆಗಳೂ ಸಮನಾಗಿ ನಿಂತಿಲ್ಲ. ಕೆಲವು ಕಡೆ ತಾರುಣ್ಯದ ಸಿಟ್ಟು ಕಲೆಯನ್ನು ಮೀರಿ ಹರಿದಿದೆ. ಡಿಲೇನಿ, ನೀವನ್, ಎಮ್ಶ್‌ವಿಲರ್ ಕಥೆಗಳು ಯಾವ ನಿಷೇಧದ ನೆರವಿಲ್ಲದೆಯೂ ಗಟ್ಟಿ.

ಎರಡೂ ಕಡೆಯ ವಾದಗಳನ್ನು ಒಟ್ಟಿಗೆ ಪರೀಕ್ಷೆಗೆ ಒಡ್ಡುವುದು ಈ ಸಂಕಲನದ ಮುಂದಿನ ಭಾಗಗಳು. ಎರಡನೆಯದು, 'ಅಗೇನ್, ಡೇಂಜರಸ್ ವಿಷನ್ಸ್', 1972ರಲ್ಲಿ ಬಂತು. ಮೊದಲ ಸಂಕಲನದಲ್ಲಿದ್ದ ಕಥೆಗಾರರನ್ನು ಮತ್ತೆ ಕರೆಯುವುದಿಲ್ಲ ಎಂದು ಎಲಿಸನ್ ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಆ ಒಂದು ನಿಯಮದಿಂದ ಬಾಗಿಲು ಬೇರೆಯವರಿಗೆ ತೆರೆಯಿತು. ಜೊಯಾನಾ ರಸ್ ಅವರ 'ವೆನ್ ಇಟ್ ಚೇಂಜ್ಡ್' ಬಂತು: ಗಂಡಸರಿಲ್ಲದೆ ತಲೆಮಾರುಗಳಿಂದ ನೆಮ್ಮದಿಯಾಗಿ ಬದುಕುತ್ತಿರುವ ಹೆಂಗಸರ ಗ್ರಹಕ್ಕೆ ಭೂಮಿಯ ಗಂಡಸರು ಬಂದಿಳಿಯುತ್ತಾರೆ, ತಾವು ಉದ್ಧಾರಕರೆಂಬ ಭಾವದಲ್ಲಿ. ಹೆಂಡತಿ, ಮಕ್ಕಳು, ಹೊಲ, ಯಂತ್ರ ಎಲ್ಲವೂ ಇರುವ ಬದುಕು ಇನ್ನು ಉಳಿಯದು ಎಂದು ನಿರೂಪಕಿಗೆ ತಿಳಿದುಹೋಗುತ್ತದೆ. ಅದಕ್ಕೆ ನೆಬ್ಯುಲಾ ಬಂತು. ಅರ್ಸುಲಾ ಲೆ ಗ್ವಿನ್ ಅವರ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಬಂತು: ಕಾಡನ್ನು ಮರದ ದಿಮ್ಮಿಯಾಗಿ ಮಾತ್ರ ಕಾಣುವ ಆಕ್ರಮಣಕಾರರು, ಕಾಡೇ ಜಗತ್ತೆಂದು ಬದುಕುವ ಮೂಲನಿವಾಸಿಗಳು. ವಿಯೆಟ್ನಾಂ ಯುದ್ಧದ ಕಾಲದ ಸಂಕಟದಿಂದ ಹುಟ್ಟಿದ ಈ ಕಿರು ಕಾದಂಬರಿಗೆ ಹ್ಯೂಗೊ ಬಂತು. ಇಲ್ಲಿಯೂ ಎರಡು ಮುಖವಿದೆ. ಇದನ್ನು ಬರೆಯುವಾಗ ಉಪದೇಶದ ಆಸೆಗೆ ತಾವು ಸೋತದ್ದನ್ನು ಲೆ ಗ್ವಿನ್ ಮುಂದೆ ತಾವೇ ಬರೆದರು. ಅವರು ತಮ್ಮ ಕೃತಿಯ ಬಗ್ಗೆ ಕಠೋರರಾದರು ಎನ್ನಬಹುದು. ಆದರೆ ದಿಟ್ಟತನ ಉಪದೇಶದ ಕಡೆಗೆ ಜಾರುವುದು ಎಷ್ಟು ಸುಲಭ ಎಂಬುದಕ್ಕೆ ಅಂಥ ದೊಡ್ಡ ಲೇಖಕಿಯ ಮಾತೇ ಆಧಾರ.

ಮೂರನೆಯ ಸಂಕಲನದ ಕಥೆ ದುಃಖದ್ದು. 'ದಿ ಲಾಸ್ಟ್ ಡೇಂಜರಸ್ ವಿಷನ್ಸ್' ಎಪ್ಪತ್ತರ ದಶಕದ ಆರಂಭದಲ್ಲೇ ಘೋಷಣೆಯಾಯಿತು. ಎಲಿಸನ್ ಕಥೆಗಳನ್ನು ಕೊಳ್ಳುತ್ತ ಹೋದರು. ಪಟ್ಟಿ ನೂರು ದಾಟಿತು. ವರ್ಷ ವರ್ಷವೂ ಇದೋ ಬಂತು ಎಂಬ ಭರವಸೆ, ಪುಸ್ತಕ ಮಾತ್ರ ಬರಲಿಲ್ಲ. ಬ್ರಿಟಿಷ್ ಲೇಖಕ ಕ್ರಿಸ್ಟಫರ್ ಪ್ರೀಸ್ಟ್ ಇದರ ಬಗ್ಗೆ ಒಂದು ದೀರ್ಘ ದೋಷಾರೋಪಣೆಯನ್ನೇ ಬರೆದು ಪ್ರಕಟಿಸಿದರು. ಕಥೆ ಕೊಟ್ಟವರಲ್ಲಿ ಹಲವರು ಅದು ಅಚ್ಚಾಗುವುದನ್ನು ಕಾಣದೆ ತೀರಿಕೊಂಡರು. 2018ರಲ್ಲಿ ಎಲಿಸನ್ ಕೂಡ ತೀರಿಕೊಂಡರು. ಕೊನೆಗೆ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ 2024ರಲ್ಲಿ ಅದರ ಒಂದು ರೂಪವನ್ನು ಹೊರತಂದರು. ಆ ಹಳೆಯ ಪಟ್ಟಿಯ ಸ್ವಲ್ಪ ಭಾಗ ಮಾತ್ರ ಅದರಲ್ಲಿದೆ.

ಕಾದವರಲ್ಲಿ ಒಬ್ಬರು ಆಕ್ಟೇವಿಯಾ ಬಟ್ಲರ್. ಬಡತನದಲ್ಲಿ ಬೆಳೆದ ಈ ಕಪ್ಪು ತರುಣಿಯ ಪ್ರತಿಭೆಯನ್ನು ಮೊದಲು ಗುರುತಿಸಿದವರಲ್ಲಿ ಎಲಿಸನ್ ಒಬ್ಬರು. ಕ್ಲಾರಿಯನ್ ಬರವಣಿಗೆ ಶಿಬಿರಕ್ಕೆ ಹೋಗುವಂತೆ ಹುರಿದುಂಬಿಸಿದವರೂ ಅವರೇ. ಶಿಬಿರದ ದಿನಗಳಲ್ಲೇ ಆಕೆಯ 'ಚೈಲ್ಡ್‌ಫೈಂಡರ್' ಕಥೆಯನ್ನು ಮೂರನೆಯ ಸಂಕಲನಕ್ಕೆಂದು ಕೊಂಡರು. ಬಟ್ಲರ್ 2006ರಲ್ಲಿ ತೀರಿಕೊಂಡರು. ಕಥೆ ಓದುಗರ ಕೈಸೇರಿದ್ದು 2014ರಲ್ಲಿ, ಬೇರೊಂದು ಪುಸ್ತಕದಲ್ಲಿ. ಒಬ್ಬ ಸಂಪಾದಕನ ಉದಾರತೆ ಮತ್ತು ಆತನ ಹಟ ಎರಡೂ ಒಂದೇ ಕಥೆಯ ಮೇಲೆ ಹೀಗೆ ಕೆಲಸ ಮಾಡಿದವು. ಎಲ್ಲೂ ಸಲ್ಲದ ಕಥೆಗಳಿಗೆ ನೆಲೆ ಕೊಡುತ್ತೇನೆಂದ ಸಂಕಲನವೇ ಹೊಸ ದನಿಯೊಂದನ್ನು ನಾಲ್ಕು ದಶಕ ಕತ್ತಲಲ್ಲಿಟ್ಟಿತು. ಎಲಿಸನ್‌ರ ಪ್ರತಿಭೆಯನ್ನು ಎಷ್ಟೇ ಗೌರವಿಸಿದರೂ ಇದನ್ನು ಮನ್ನಿಸುವುದು ಕಷ್ಟ. ಲೇಖಕರಿಂದ ಧೈರ್ಯ ಕೇಳುವವರು ತಮ್ಮ ಕಡೆಯಿಂದ ಸಮಯಕ್ಕೆ ಪುಸ್ತಕ ತರುವ ಕನಿಷ್ಠ ಕರ್ತವ್ಯವನ್ನಾದರೂ ಮಾಡಬೇಕು.

ಕನ್ನಡದ ಓದುಗರಿಗೆ ಈ ಚರ್ಚೆ ದೂರದ್ದೆನಿಸಬೇಕಾಗಿಲ್ಲ. ಎಲಿಸನ್ ಕಥೆಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದ ಹೊತ್ತಿಗೆ, 1965ರಲ್ಲಿ, 'ಸಂಸ್ಕಾರ' ಕಾದಂಬರಿ ಬಂದಿತ್ತು. ಯಾರೂ ಕೇಳಿ ಬರೆಸಿದ್ದಲ್ಲ ಅದು. ಅದರ ಚಲನಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆದೂ ತಡೆಯಿತು. ನಮ್ಮಲ್ಲಿ ವಿಶೇಷಾಂಕಗಳು ಹೆಸರಾಂತರಿಗೆ ಪತ್ರ ಬರೆದು ಕಥೆ ತರಿಸಿಕೊಳ್ಳುತ್ತವೆ. ಹೆಸರಿಲ್ಲದವರು ದೀಪಾವಳಿ ಕಥಾಸ್ಪರ್ಧೆಗಳ ಬಾಗಿಲಿನಿಂದ ಒಳಬರುತ್ತಾರೆ. ಈ ಎರಡು ಬಾಗಿಲುಗಳಲ್ಲಿ ಹೊಸ ನೋಟ ಹೆಚ್ಚು ಬಂದದ್ದು ಯಾವುದರಿಂದ ಎಂದು ಸಂಪಾದಕರು ತಮ್ಮ ಹಳೆಯ ಸಂಚಿಕೆಗಳನ್ನೇ ತೆರೆದು ನೋಡಬಹುದು. 2025ರಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜಗತ್ತು ಗುರುತಿಸಿದ್ದು ಬಾನು ಮುಷ್ತಾಕ್ ದಶಕಗಳಿಂದ ಬರೆಯುತ್ತ ಬಂದ ಕಥೆಗಳನ್ನು. ಅವುಗಳ ದಿಟ್ಟತನವೂ ಒಳಮನೆಯ ಹೆಂಗಸರ ದೈನಂದಿನ ಮಾತಿನಲ್ಲೇ ಇದೆ.

ಹಾಗಾದರೆ ತೀರ್ಮಾನವೇನು? ದಿಟ್ಟ ಕಥೆಗಳನ್ನು ಕೇಳುವುದು ಸರಿಯೇ. ಬೇಲಿಗಳು ನಿಜ, ಅವು ಬರೆಯುವವರ ಮನಸ್ಸಿನೊಳಕ್ಕೆ ಇಳಿಯುವುದೂ ನಿಜ. ಅಚ್ಚು ಹಾಕುತ್ತೇನೆಂಬ ಒಂದು ಮಾತು ಎಷ್ಟೋ ಕೈಗಳ ಬಿಗಿತ ಸಡಿಲಿಸುತ್ತದೆ. ವಿರೋಧಿಸುವವರು ಈ ಮಾತಿನ ಬೆಲೆಯನ್ನು ಕಡಿಮೆ ಎಣಿಸುತ್ತಾರೆ. ಆದರೆ ಪ್ರಸಿದ್ಧರನ್ನು ಮಾತ್ರ ಕೇಳುವುದು, ಮುರಿಯಬೇಕಾದ ನಿಷೇಧಗಳನ್ನು ಮೊದಲೇ ಹೆಸರಿಸುವುದು, ಕಥೆಗಿಂತ ಜೋರಾಗಿ ಮುನ್ನುಡಿ ಕೂಗುವುದು, ಈ ಮೂರರ ವಿಷಯದಲ್ಲಿ ವಿರೋಧಿಗಳ ಮಾತೇ ಗೆಲ್ಲುತ್ತದೆ. ಐವತ್ತು ವರ್ಷ ದಾಟಿಯೂ ಬಾಡದ ಕಥೆಗಳನ್ನು ಮತ್ತೊಮ್ಮೆ ನೋಡಿದರೆ, ಬಹುಪಾಲು ಅವೆಲ್ಲ ಅದುವರೆಗೆ ನೋಡಿಸಿಕೊಳ್ಳುತ್ತಿದ್ದವರು ತಾವೇ ನೋಡಲು ಆರಂಭಿಸಿದ ಕಥೆಗಳು. ಇಂಥ ಕಣ್ಣುಗಳು ಹೆಸರಾಂತರ ಪಟ್ಟಿಯಲ್ಲಿ ಕೆಲವು ಸಿಗುತ್ತವೆ, ಪಟ್ಟಿಯ ಹೊರಗೆ ಹೆಚ್ಚು ಸಿಗುತ್ತವೆ. ಆದ್ದರಿಂದ ನಾಳೆ ಇಂಥ ಸಂಕಲನಕ್ಕೆ ಕೈಹಾಕುವವರು ಅರ್ಧ ಜಾಗವನ್ನು ಪ್ರಸಿದ್ಧರಿಗೆ ಕೊಡಲಿ. ಅವರ ಹೆಸರಿನ ಬಲ ಪುಸ್ತಕಕ್ಕೆ ಬೇಕು. ಉಳಿದರ್ಧವನ್ನು ಇದುವರೆಗೆ ಯಾರೂ ಕೇಳದವರಿಂದ ಕೇಳಿ ತರಲಿ. ಯಾವ ವಿಷಯ ಬರೆಯಬೇಕೆಂದು ಇಬ್ಬರಿಗೂ ಹೇಳದಿರಲಿ. ಒಪ್ಪಿಕೊಂಡ ಕಥೆಯನ್ನು ಹೇಳಿದ ದಿನಕ್ಕೆ ಅಚ್ಚು ಹಾಕಿ, ಬರೆದವರು ಬದುಕಿರುವಾಗಲೇ ಓದುಗರ ಕೈಗೆ ಕೊಡಲಿ.